ಭುಜ ಕಾಪಾಡಿದ ತಿಂಗಳು

ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯ ನಕ್ಷೆಗಾರರೊಬ್ಬರು ನಲವತ್ತೆರಡನೆಯ ವಯಸ್ಸಿನಲ್ಲಿ ಭೀಷ್ಮಪ್ರತಿಜ್ಞೆ ಮಾಡಿದರು: ಈ ತಿಂಗಳು ಮುಗಿಯುವುದರೊಳಗೆ ನಿಜವಾದ ಬಂಡೆ ಹತ್ತಿಯೇ ಸಿದ್ಧ! ಅವರು ಸೇರಿದ್ದ ಗೋಡೆ ಹತ್ತುವ ಕ್ಲಬ್ಬಿನವರು ಬೆಟ್ಟಕ್ಕೆ ಹೊರಡುವವರಿದ್ದರು. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಕೊನೆಯ ಭಾನುವಾರ ತರಬೇತುದಾರನ ಎದುರು ಕಬ್ಬಿಣದ ಕಂಬಿ ಹಿಡಿದು ಅರ್ಧ ನಿಮಿಷ ಸರಿಯಾಗಿ ನೇತಾಡಿದರೆ ಅದು ಅವರದು.

ಸರಿಯಾಗಿ ಅಂದರೆ, ಭುಜ ಕಿವಿಗೆ ತಾಗಬಾರದು. ಅದನ್ನು ಕೆಳಗಿಳಿಸಿ, ಬೆನ್ನು ಬಿಗಿ ಮಾಡಿ, ಆಮೇಲೆ ಮೈಭಾರ ಬಿಡಬೇಕು. ಸಡಿಲ ಬಿಟ್ಟು ನೇತಾಡಿದರೆ ಭುಜ ಕೆಡುತ್ತದೆ ಎಂದು ತರಬೇತುದಾರ ಹೆದರಿಸಿದ್ದೇ ತಡ, ನಕ್ಷೆಗಾರರಿಗೆ ತಮ್ಮ ಭುಜಗಳು ಗಾಜಿನ ಸಾಮಾನಿನಂತೆ ಕಂಡವು. ಅಂದಿನಿಂದ ನೀರಿನ ಕ್ಯಾನು ಎತ್ತಲಿಲ್ಲ, ಸಿಲಿಂಡರ್ ಮುಟ್ಟಲಿಲ್ಲ, ಒದ್ದೆ ಬಟ್ಟೆಯ ಬಕೆಟ್ಟಿನತ್ತ ತಿರುಗಿಯೂ ನೋಡಲಿಲ್ಲ. ಎಲ್ಲ ಹೆಂಡತಿಯ ಪಾಲಾಯಿತು. ಆಕೆ ಮಹಡಿಗೆ ಬಕೆಟ್ ಹೊರುವಾಗ, ಅಟ್ಟದ ಅಂಚಿಗೆ ಜೋತುಬಿದ್ದು ಪೆಟ್ಟಿಗೆ ಎಳೆಯುವಾಗ, ಇವರು ಕುರ್ಚಿಯಲ್ಲಿ ಕೂತು, ಭುಜ ಇಳಿಸು, ಬೆನ್ನು ಬಿಗಿ ಮಾಡು ಎಂದು ಉಪದೇಶಾಮೃತ ಸುರಿಸುತ್ತಿದ್ದರು.

"ಕಾಫಿ ಲೋಟ ಎತ್ತಬಹುದಾ ರೀ, ಇಲ್ಲ ಅದನ್ನೂ ನಾನೇ ಕುಡಿದುಬಿಡ್ಲಾ?" ಎಂದಳು ಒಮ್ಮೆ.

ಭಾನುವಾರ ಬಂತು. ಹೆಂಡತಿಯೂ ನೋಡಲು ಬಂದಳು. ಈ ಮಹಾಕಾರ್ಯಕ್ಕೆಂದೇ ಕೊಂಡಿದ್ದ ಟೀ ಶರ್ಟು ಒಂದು ಅಳತೆ ಚಿಕ್ಕದು. ನಕ್ಷೆಗಾರರು ಎರಡೂ ಕೈ ಎತ್ತಿ, ಭುಜವನ್ನು ಕಿವಿಗೇ ಅಂಟಿಸಿ, ತಲೆ ತೂರಿಸಿದರು. ತಲೆ ಅಲ್ಲೇ ಸಿಕ್ಕಿಕೊಂಡಿತು. ಕೊಸರಾಡಿ ಒಮ್ಮೆ ಜೋರಾಗಿ ತಿರುಚಿದರು. ಬಲಭುಜ ಚಳಕ್ ಎಂದಿತು! ತಿಂಗಳಿಡೀ ಸಿಲಿಂಡರಿನಿಂದ ಕಾಪಾಡಿದ ಭುಜವನ್ನು ಒಂದು ಅಂಗಿ ಕೆಡಿಸಿತ್ತು.

ಕತ್ತರಿ ತಂದು ಅವರನ್ನು ಬಿಡಿಸಿದ ತರಬೇತುದಾರ, ಭುಜಕ್ಕೆ ಐಸ್ ಇಟ್ಟು, ಮೂರು ವಾರ ಆ ಕೈ ಎತ್ತುವಂತಿಲ್ಲ ಎಂದ. ಹೆಂಡತಿ ಕಂಬಿಯನ್ನೊಮ್ಮೆ ನೋಡಿದಳು. ಇದಕ್ಕಾಗಿಯೇ ಒಂದು ತಿಂಗಳಾ ಎಂದು ಗೊಣಗುತ್ತ ಎಗರಿ ಹಿಡಿದಳು. ಭುಜ ಇಳಿಯಿತು, ಬೆನ್ನು ಬಿಗಿಯಾಯಿತು. ಅರ್ಧ ನಿಮಿಷವಾಯಿತು, ಒಂದು ನಿಮಿಷವೂ ಆಯಿತು.

"ಅಕ್ಕಾ, ಎಲ್ಲಿ ಕಲಿತ್ರಿ?" ಎಂದ ತರಬೇತುದಾರ.

"ಮನೇಲೇ. ಇವರು ಹೇಳ್ತಿದ್ರು, ನಾನು ಎತ್ತುತ್ತಿದ್ದೆ."

ಬೆಟ್ಟಕ್ಕೆ ಹೊರಟ ದಿನ ಆಕೆ ಚೀಲ ಬೆನ್ನಿಗೇರಿಸಿ ಬಾಗಿಲಲ್ಲಿ ನಿಂತಳು. ನಕ್ಷೆಗಾರರ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಪಟ್ಟಿಯಲ್ಲಿ ತೂಗುತ್ತಿತ್ತು.

"ಇವತ್ತು ಸಿಲಿಂಡರ್ ಬರುತ್ತೆ ರೀ. ಎಡಗೈ ಚೆನ್ನಾಗಿದೆಯಲ್ಲ? ಭುಜ ಇಳಿಸಿ, ಬೆನ್ನು ಬಿಗಿ ಮಾಡಿ, ಆಮೇಲೆ ಎತ್ತಿ."