ಎರಡು ಗದಗಗಳ ನಡುವೆ

ತಾನು ಎಲ್ಲಿದ್ದೇನೆಂದು ಗೊತ್ತಿದ್ದರೆ ಮನುಷ್ಯ ಅರ್ಧ ಗೆದ್ದಂತೆ. ನನಗದು ಗೊತ್ತಿತ್ತು, ಕಚೇರಿಯವರು ಲ್ಯಾಪ್‌ಟಾಪ್ ಕೊಡುವವರೆಗೆ. ಊರೂರು ತಿರುಗುವ ನೌಕರಿ ನನ್ನದು. ಒಂದೊಂದು ಊರಿನ ಕಚೇರಿಯ ನೆಟ್‌ವರ್ಕಿಗೆ ಒಂದೊಂದು ವ್ಯವಸ್ಥೆ. ಹಾಗಾಗಿ ಈ ಯಂತ್ರ ಪೂರ್ತಿ ಕಣ್ಣು ಬಿಡುವ ಮೊದಲೇ ಕೇಳುತ್ತದೆ: ಧಾರವಾಡವೋ, ಶಿರಹಟ್ಟಿಯೋ? ಆರಿಸಿದ ಊರಿಗೆ ತಕ್ಕಂತೆ ಸಜ್ಜಾಗಿ ಏಳುತ್ತದೆ. ತಪ್ಪು ಊರು ಹೇಳಿದಿರೋ, ಅತ್ತೆಮನೆಯಲ್ಲಿ ಮುನಿಸಿಕೊಂಡ ಅಳಿಯನ ಹಾಗೆ ಯಾರೊಂದಿಗೂ ಮಾತಿಲ್ಲ.

ಗದಗ ಹೊಸ ಜಿಲ್ಲೆಯಾದಾಗ ಹೇಗೋ ಮಾಡಿ ಧಾರವಾಡದಿಂದ ಅಲ್ಲಿಗೇ ವರ್ಗ ಗಿಟ್ಟಿಸಿದೆ. ಗದಗಕ್ಕೆ ಅಂಟಿಕೊಂಡಿರುವ ಬೆಟಗೇರಿಯ ಮನೆಯಿಂದಲೇ ಓಡಾಟ, ಮಧ್ಯಾಹ್ನ ಬಿಸಿ ರೊಟ್ಟಿ; ಹೆಂಡತಿಯೂ ಖುಷಿ. ಆಗ ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ಬೋರ್ಡುಗಳ ಮೇಲೆಲ್ಲ 'ಜಿ. ಧಾರವಾಡ' ಅಳಿಸಿ 'ಜಿ. ಗದಗ' ಬರೆಯುತ್ತಿದ್ದರು. ನನಗೂ ಅಭಿಮಾನ ಉಕ್ಕಿ, ಯಂತ್ರದಲ್ಲಿದ್ದ ಧಾರವಾಡವನ್ನು ಅಳಿಸಿ ಗದಗ ಎಂದು ಬರೆದುಬಿಟ್ಟೆ. ಬದಲಾದದ್ದು ಹೆಸರು ಮಾತ್ರ, ಒಳಗಿನ ವ್ಯವಸ್ಥೆ ಧಾರವಾಡದ್ದೇ ಎಂಬುದು ಬಹಳ ತಡವಾಗಿ ತಿಳಿಯಿತು. ಇದರ ಖಬರಿಲ್ಲದ ಇಂಜಿನಿಯರು ಬಂದು, ಪಟ್ಟಿಯ ಕೆಳಗೆ ಖರೆ ಗದಗವನ್ನೂ ಸೇರಿಸಿ ಹೋದರು.

ಮರುದಿನ ಬೆಳಿಗ್ಗೆಯೇ ನಮ್ಮ ಸಾಹೇಬರು, "ಹನ್ನೊಂದರೊಳಗ ಮುಂಡರಗಿ ವರದಿ ಕಳಸ್ರಿ. ಇಲ್ಲಾಂದ್ರ ನಿಮ್ಮನ್ನ ವಾಪಸ್ ಧಾರವಾಡಕ್ಕ ಕಳಸ್ತೀನಿ," ಎಂದರು. ಮೇಜಿಗೆ ಓಡಿದೆ. ಯಂತ್ರ ಶುರು ಮಾಡಿದರೆ ಎರಡೆರಡು ಗದಗ! ಯಾವುದನ್ನು ಒತ್ತಲಿ? ಪಕ್ಕದ ಮೇಜಿನ ಇಮಾಮಸಾಬರನ್ನು ಕೇಳಿದೆ.

"ಇದಕ್ಯಾಕ ತಲಿ ಕೆಡಿಸ್ಕೋತೀರಿ? ಗದಗ-ಬೆಟಗೇರಿ ಅಂತೇವಲ್ರಿ? ಮೊದಲಿಂದು ಗದಗ, ಎರಡನೇದು ಬೆಟಗೇರಿ."

ಸರಿ ಎನಿಸಿತು. ಕಚೇರಿ ಇರುವುದು ಗದಗದಲ್ಲೇ ಅಲ್ಲವೇ? ಮೊದಲನೆಯದನ್ನು ಒತ್ತಿದೆ. ಸಂಪರ್ಕ ಸಿಗಲಿಲ್ಲ. ಬಂದ್ ಮಾಡಿ ಮತ್ತೆ ಶುರು ಮಾಡಿ, ಗಾಬರಿಯಲ್ಲಿ ಮತ್ತೆ ಅದನ್ನೇ ಒತ್ತಿದೆ.

"ಒಮ್ಮಿ ಬೆಟಗೇರಿನೂ ಒತ್ತಿ ನೋಡ್ರಲಾ," ಎಂದರು ಇಮಾಮಸಾಬರು.

"ನಮ್ಮ ಮನ್ಯಾಗ ನೆಟ್‌ವರ್ಕ್ ಎಲ್ಲೈತ್ರಿ?" ಎಂದು ರೇಗಿದೆ.

ಹನ್ನೊಂದು ದಾಟಿದ ಮೇಲೆ ಸಾಹೇಬರೇ ಬಂದು ಎರಡನೆಯದನ್ನು ಒತ್ತಿದರು. ವರದಿ ಹೋಯಿತು. ಮರುವಾರ ನಾನೂ ಹೋದೆ, ಧಾರವಾಡಕ್ಕೆ.

ಅಲ್ಲಿ ಯಂತ್ರ ತೆರೆದರೆ ಧಾರವಾಡವೆಂಬ ಹೆಸರೇ ಇಲ್ಲ. ಹೆದರುತ್ತಲೇ ಮೊದಲನೆಯ ಗದಗವನ್ನು ಒತ್ತಿದೆ. ತಕ್ಷಣ ಸಂಪರ್ಕ! ಖುಷಿಪಡಬೇಕೋ ಅಳಬೇಕೋ ತಿಳಿಯದೆ ಮನೆಗೆ ಫೋನ್ ಮಾಡಿ, "ಯಂತ್ರದ ಲೆಕ್ಕದಾಗ ನಾ ಇನ್ನೂ ಗದಗದಾಗ ಅದೀನಿ," ಎಂದು ಹೆಂಡತಿಗೆ ಸಮಾಧಾನ ಹೇಳಿದೆ.

"ಹಂಗಾದ್ರ ಸಂಜಿಮುಂದ ಮನಿಗೆ ಬರೋವಾಗ ಕೊತ್ತಂಬರಿ ತರ್ರಿ," ಎಂದಳು.