ಡ್ರಾಪ್ ಬರೂತನಕ ಕೂಡ್ರಿ

ನನ್ನ ಸಂಗೀತಕ್ಕೆ ಆಗುವ ಅವಮಾನ ಒಂದೆರಡಲ್ಲ. ಒಂದನ್ನು ನುಂಗಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ಬಡಿಯುತ್ತದೆ.

ನಾನು ದಾಂಡೇಲಿಯ ಬಂಗೂರನಗರದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡಿಕೊಂಡಿರುವವನು. ರಾಫ್ಟಿಂಗಿಗೆ ಬಂದವರ ಕಾರಿನಲ್ಲಿ ಡಬ್‌ಸ್ಟೆಪ್ ಕೇಳಿದ್ದೇ ನೆಪ, ನಲವತ್ತು ದಾಟಿದ ಮೇಲೆ ನಾನೂ ಅದನ್ನು ಮಾಡಲು ಕಲಿಯತೊಡಗಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಈ ಸಂಗೀತ ಮೆತ್ತಗೆ ಶುರುವಾಗುತ್ತದೆ, ಏರುತ್ತ ಏರುತ್ತ ಹೋಗಿ ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ, ಆಮೇಲೆ 'ವ್ವೊಂವ್ ವ್ವೊಂವ್' ಎಂದು ಎದೆ ನಡುಗಿಸುತ್ತದೆ. ಅದೇ ಡ್ರಾಪ್. ಹಾಡಿನ ಜೀವ ಇರುವುದೇ ಅಲ್ಲಿ. ಒಬ್ಬರಾದರೂ ಡ್ರಾಪ್ ದಾಟಿ ಕೊನೆಯ ತನಕ ಕೇಳಲಿ, ನನ್ನ ಆಸೆ ಇಷ್ಟೇ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರೆ. ನಮ್ಮವರಿಗಿಂತ ಕೋಣ ವಾಸಿ, ಅದು ನಿಂತಾದರೂ ಕೇಳುತ್ತದೆ.

ಮೇನ್ ಸ್ವಿಚ್

ಮೊದಲ ಹಾಡು ತಯಾರಾದ ದಿನ ಸ್ಪೀಕರಿನ ಸದ್ದು ಏರಿಸಿ ಕೂತೆ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಹಾಡು ಏರಿತು, ಒಂದು ಕ್ಷಣ ನಿಂತಿತು, ಡ್ರಾಪ್ ಶುರುವಾಯಿತು. ಅಷ್ಟರಲ್ಲಿ ಇಡೀ ಮನೆಯ ಕರೆಂಟೇ ಹೋಯಿತು. ಹೊರಗೆ ಬಂದು ನೋಡಿದರೆ ಇವಳು ಮೇನ್ ಸ್ವಿಚ್ ಹಿಡಿದುಕೊಂಡು ನಿಂತಿದ್ದಾಳೆ.

"ನಿಮ್ಮ ಹಾಡು ಗಪ್ಪ ಆತಲ್ಲ, ಕರೆಂಟ್ ಹೋಗಿ ಬಂತ್ರಿ, ಫ್ರಿಜ್ ಒದರಾಕ ಹತ್ತಿತ್ತು. ಇನ್ನೊಂದು ಗಳಿಗಿ ಬಿಟ್ಟಿದ್ರ ಸುಟ್ಟ ಹೋಗತಿತ್ತು" ಅಂದಳು.

ಹಾಡನ್ನು ಸೇವ್ ಮಾಡಿರಲಿಲ್ಲ. ಎಲ್ಲ ನೀರಿನಲ್ಲಿ ಹೋಮ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಸಂಜೆ ಅಕ್ಕಪಕ್ಕದ ಮನೆಯವರೆಲ್ಲ ಬಂದು, ಹೆಂಗಸು ಅಂದರೆ ಹೀಗೆ ಚುರುಕಾಗಿರಬೇಕು ಎಂದು ಅವಳನ್ನು ಹೊಗಳಿ ಚಹಾ ಕುಡಿದು ಹೋದರು.

ರಿಪೇರಿ

ಕಂಪ್ಯೂಟರಿನ ಸದ್ದು ಸಪ್ಪೆ ಅನಿಸಿ, ನಿಜವಾದ ಗುರುಗುಟ್ಟುವಿಕೆ ಹುಡುಕತೊಡಗಿದೆ. ಜೋಯಿಡಾದಿಂದ ಬರುವ ಒಂದು ಸಫಾರಿ ಜೀಪಿಗೆ ದೇವರು ಕೊಟ್ಟ ಕಂಠ. ಸೈಲೆನ್ಸರ್ ಒಡೆದು, ಗೇರು ಹಾಕಿದರೆ ಸಾಕ್ಷಾತ್ ಡ್ರಾಪ್. ಮಾಲೀಕನನ್ನು ಹೇಗೋ ಒಪ್ಪಿಸಿ ಜೀಪನ್ನು ನಮ್ಮ ಓಣಿಯ ಗ್ಯಾರೇಜಿನಲ್ಲಿ ಬಿಡಿಸಿದೆ. ಬೆಳಿಗ್ಗೆ ಬಂದು ಇದರ ಆವಾಜ್ ತಗೋತೇನೆ, ಜೋಪಾನ ಎಂದು ಗ್ಯಾರೇಜಿನ ಚಾಚಾನಿಗೆ ಬಿಡಿಸಿ ಹೇಳಿದೆ.

ಬೆಳಿಗ್ಗೆ ಮೈಕು ಹಿಡಿದು ಹೋದರೆ ಜೀಪು ಚಾಲೂ ಆದದ್ದೇ ತಿಳಿಯಲಿಲ್ಲ.

"ಅಂಥಾ ಆವಾಜ್ ಮಾಡೂ ಗಾಡಿ ನನ್ನ ಗ್ಯಾರೇಜಿನಾಗ ನಿಂತ್ರ ಮಂದಿ ಏನಂತಾರ್ರಿ ಸಾಹೇಬ್ರ? ನೀವು ಬರೂದ್ರಾಗ ಪೂರಾ ತಗದ ಬಿಟ್ಟೇನಿ" ಅಂದ ಚಾಚಾ.

ಇಂಥ ಮರ್ಯಾದಸ್ಥರಿಂದಲೇ ಕಲೆ ಹಾಳಾಗುವುದು. ಜೀಪಿನ ಮಾಲೀಕ ಮಾತ್ರ ಈಗಲೂ ನನ್ನನ್ನು ಕಂಡರೆ ಕೈಮುಗಿಯುತ್ತಾನೆ.

ಅಕ್ಷತೆಯ ಹೊತ್ತು

ಕೇಳಲು ಬಾರದವರಿಗೆ ಕೇಳಿಸಿಯೇ ತೀರಬೇಕು ಎಂದು ಹಳಿಯಾಳದ ಒಂದು ಮದುವೆಯ ವಿಡಿಯೋದಲ್ಲಿ, ಸರಿಯಾಗಿ ಅಕ್ಷತೆ ಬೀಳುವಾಗ, ಡ್ರಾಪ್ ಕೂಡಿಸಿದೆ. ವರನ ಸೋದರಮಾವ ಫೋನು ಮಾಡಿ, ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ಮಂಟಪದ ಹಿಂದೆ ಜೆಸಿಬಿ ಓಡಿಸಿದವರು ಯಾರು ಎಂದು ವಿಚಾರಿಸಿದರು. ಸಂಗೀತ ಅದು ಎಂದು ನಾನು ಬಾಯಿ ತೆಗೆಯುವ ಮೊದಲೇ ಅವರೇ ತೀರ್ಮಾನಿಸಿದರು: "ನಮ್ಮ ಪೈಕಿ ಯಾರೂ ಜೆಸಿಬಿ ಇಟ್ಟಿಲ್ಲ. ಹೆಣ್ಣಿನ ಕಡಿಯವ್ರದ ಇರಬೇಕು."

ಮುಂಡಗೋಡದ ಗದ್ದೆ

ಆಗ ಮುಂಡಗೋಡದಿಂದ ಮಾವನವರ ಫೋನು ಬಂತು. ಅಳಿಯಂದಿರು ಮಾಡಿದ ಹಾಡು ಬೇಕಾಗಿತ್ತು ಎಂದರು. ತಾವಾಗಿ ಕೇಳಿದವರು ಲೋಕದಲ್ಲಿ ಇವರೊಬ್ಬರೇ. ಮತ್ತೆ ಹೊಸದಾಗಿ ಮಾಡಿಟ್ಟಿದ್ದ ಹಾಡನ್ನು ತಕ್ಷಣ ಕಳಿಸಿದೆ.

ಮುಂದಿನ ವಾರ ಅವರ ಮನೆಗೆ ಹೋದೆ. ಚಹಾ ಆಯಿತು, ಅವಲಕ್ಕಿ ಆಯಿತು, ಹಾಡಿನ ಮಾತೇ ಇಲ್ಲ. ಕೊನೆಗೆ ನಾನೇ ಕೇಳಿದೆ. ಮಾವನವರು ಸಂಕೋಚದಿಂದ ವಿಷಯ ಹೇಳಿದರು. ಕಾಡಂಚಿನ ಗದ್ದೆಗೆ ಹಂದಿಗಳು ನುಗ್ಗುತ್ತಿದ್ದವು. ಅಳಿಯನ ಹಾಡು ಕೇಳಿದರೆ ಮನುಷ್ಯರೇ ಎದ್ದು ಹೋಗುತ್ತಾರೆ ಎಂದು ಮಗಳು ಹೇಳಿದ್ದಳು. ಅದಕ್ಕೇ ಮರಕ್ಕೆ ಸ್ಪೀಕರ್ ಕಟ್ಟಿ ಹಚ್ಚಿದ್ದರು.

ಮೈಯೆಲ್ಲ ಉರಿಯಿತು. ಮಾವನ ಮನೆ ಎಂದು ತಡೆದುಕೊಂಡು, ಓಡಿದವೋ ಇಲ್ಲವೋ ಎಂದಷ್ಟೇ ಕೇಳಿದೆ.

"ಎಲ್ಲಿ ಓಡತಾವ್ರಿ. ಮೊದಲ ಮೆತ್ತಗ ಇತ್ತಲ್ಲ, ಮೇಯಾಕ ಹತ್ತಿದ್ವು. ನಡುವ ಗಪ್ಪ ಆತ ನೋಡ್ರಿ, ಎಲ್ಲಾ ತಲಿ ಎತ್ತಿ ನಿಂತ್ವು. ಆಮ್ಯಾಲ ಅದು ಗುರ್ ಅಂದ ಮ್ಯಾಲ ಮತ್ತ ಮೇಯ್ದವು. ಮುಗಿಯೂತನಕ ಒಂದೂ ಕದಲಲಿಲ್ಲ."

ಡ್ರಾಪಿಗೆ ಮುಂಚೆ ತಲೆ ಎತ್ತಿದವು! ಕೇಳಬೇಕಾದದ್ದೇ ಹಾಗೆ. ನನ್ನ ಹೆಂಡತಿಗೆ, ಚಾಚಾನಿಗೆ, ಹಳಿಯಾಳದ ಸೋದರಮಾವನಿಗೆ ತಿಳಿಯದ್ದು ಹಂದಿಗಳಿಗೆ ತಿಳಿಯಿತು. ನನ್ನ ಮುಖ ಕಂಡು, ಅಳಿಯ ನೊಂದುಕೊಂಡರು ಎಂದು ಮಾವನವರು ಗಾಬರಿಯಾದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಳಿಯಂದ್ರ" ಎಂದು ಸಮಾಧಾನ ಹೇಳಿದರು. "ನಿನ್ನೆ ನಿಮ್ಮ ಹಾಡು ಹಚ್ಚಲಿಲ್ಲ. ಒಂದೂ ಬರಲಿಲ್ಲ."