ಅನುರಾಧಪುರಕ್ಕೆ ಮೂವತ್ತೈದು ನಿಮಿಷ

ಕಂಡಕ್ಟರ್ ಆಗಿ ಹತ್ತೊಂಬತ್ತು ವರ್ಷ, ಆಮೇಲೆ ಕಡೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಹನ್ನೆರಡು ವರ್ಷ. ಈ ಮೂವತ್ತೊಂದು ವರ್ಷದ ಸೇವೆಯಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ನಾನು ದಾರಿಯಲ್ಲಿ ಬಿಟ್ಟು ಬಂದವನಲ್ಲ. ಬಸ್ಸು ಹೋಟೆಲ್ ಮುಂದೆ ನಿಂತರೆ ಇಳಿದ ತಲೆ ಎಷ್ಟು, ಹತ್ತಿದ ತಲೆ ಎಷ್ಟು ಎಂದು ಎಣಿಸಿ, ಎರಡೂ ತಾಳೆಯಾದ ಮೇಲೆಯೇ ನನ್ನ ಬಾಯಿಂದ ‘ರೈಟ್’ ಹೊರಡುತ್ತಿತ್ತು. ಆ ರೈಟ್ ಕೂಡ ಸಾಮಾನ್ಯದ್ದಲ್ಲ. ಅದನ್ನು ಕೇಳಿದರೆ ತೂಕಡಿಸುತ್ತಿದ್ದ ಡ್ರೈವರ್ ನೆಟ್ಟಗೆ ಕೂರುತ್ತಿದ್ದ, ಪಕ್ಕದ ಬಸ್ಸಿನ ಡ್ರೈವರ್ ಕೂಡ ಗೇರ್ ಹಾಕಿಬಿಡುತ್ತಿದ್ದ. ನಿವೃತ್ತಿಯ ದಿನ ಹಾರ ಹಾಕಿದವರೆಲ್ಲ ಭಾಷಣದಲ್ಲಿ ಇದನ್ನೇ ಹೇಳಿದರು. ಹಾರ ಹಾಕುವಾಗ ಯಾರ ಬಗ್ಗೆಯೂ ಹೀಗೇ ಹೇಳುತ್ತಾರೆ ಎಂಬುದು ಗೊತ್ತಿದ್ದೂ ನಾನು ನಂಬಿದೆ.

ಇಂಥ ನಾನು, ಕನಕರಾಜು, ಜೀವನದ ಮೊದಲ ವಿದೇಶ ಪ್ರವಾಸವನ್ನು ಯಾವುದೋ ಟ್ರಾವೆಲ್ಸ್‌ನವರ ಕೈಗೆ ಕೊಡುವುದುಂಟೇ? ಶ್ರೀಲಂಕಾ ಎಂದರೆ ಏನು ಮಹಾ, ಸುತ್ತ ನೀರಿರುವ ಒಂದು ದೊಡ್ಡ ಡಿವಿಜನ್. ಆರು ದಿನದಲ್ಲಿ ಏಳು ಊರು ಎಂದು ಸಂಕಲ್ಪ ಮಾಡಿ, ಹಳೆಯ ಟ್ರಿಪ್ ಶೀಟಿನ ಮಾದರಿಯಲ್ಲೇ ಗೆರೆ ಎಳೆದು ಚಾರ್ಟ್ ಸಿದ್ಧಪಡಿಸಿದೆ. ಊರು, ತಲುಪುವ ವೇಳೆ, ಹೊರಡುವ ವೇಳೆ, ಕೊನೆಯಲ್ಲಿ ಷರಾ. ಕೊಲಂಬೊದಲ್ಲಿ ಕಾಫಿಗೆ ನಾಲ್ಕು ನಿಮಿಷ. ಕ್ಯಾಂಡಿಯಲ್ಲಿ ಕೆರೆಗೆ ಹನ್ನೆರಡು ನಿಮಿಷ. ಗಾಲೆಯಲ್ಲಿ ಸಮುದ್ರಕ್ಕೆ ಇಪ್ಪತ್ತು. ಶೌಚಕ್ಕೂ ಒಂದು ಕಾಲಂ ಇತ್ತು. ಅದರ ವಿವರ ಬೇಡ.

ನನ್ನ ಹೆಂಡತಿ ಹೇಮಾವತಿ ಚಾರ್ಟನ್ನು ಮೇಲಿಂದ ಕೆಳಗೆ ಓದಿದಳು. ಐದನೇ ಸಾಲಿನ ಮೇಲೆ ಅವಳ ಬೆರಳು ನಿಂತಿತು.

"ಅನುರಾಧಪುರ, ಮೂವತ್ತೈದು ನಿಮಿಷ. ಇದೇನ್ರೀ ಇದು?"

"ಎಲ್ಲಕ್ಕಿಂತ ಜಾಸ್ತಿ ಟೈಮು ನಿಂಗೇ ಕೊಟ್ಟಿರೋದು ಕಣೇ. ನೋಡು, ಸಮುದ್ರಕ್ಕೇ ಇಪ್ಪತ್ತು."

"ನಾನು ಹೋಗ್ತಿರೋದೇ ಆ ಮರ ನೋಡಾಕೆ. ಮಿಕ್ಕಿದ್ದೆಲ್ಲ ನಿಮ್ಮ ಖುಷಿಗೆ."

ಆ ಮರದ ವಿಷಯ ಹೇಳಿಬಿಡುತ್ತೇನೆ. ಹೇಮಾಳ ತಂದೆ ಹೊನ್ನಯ್ಯ ಮೇಷ್ಟ್ರು, ದೇವನೂರಿನವರು. ಅವರ ಕಾಲದಲ್ಲೇ ಆ ಮನೆಯವರು ಬೌದ್ಧರಾದವರು. ಅವರ ಮನೆಯ ಗೋಡೆಯಲ್ಲಿ ಅನುರಾಧಪುರದ ಬೋಧಿವೃಕ್ಷದ ಚಿತ್ರ ಇತ್ತು. ಬುದ್ಧ ಕೂತಿದ್ದ ಮರದ ಒಂದು ಕೊಂಬೆಯನ್ನು ರಾಜನ ಮಗಳೊಬ್ಬಳು ಹಡಗಿನಲ್ಲಿ ಒಯ್ದು ಅಲ್ಲಿ ನೆಟ್ಟಳು, ಅದು ಇವತ್ತಿಗೂ ಚಿಗುರುತ್ತಿದೆ ಎಂದು ಮೇಷ್ಟ್ರು ಮಕ್ಕಳಿಗೆಲ್ಲ ಹೇಳುತ್ತಿದ್ದರು. ಅದರ ಕೆಳಗೆ ಒಂದು ದಿನ ಸುಮ್ಮನೆ ಕೂತು ಬರಬೇಕು ಎಂಬುದು ಅವರ ಆಸೆ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು, ಕೂರಲಾಗಲಿಲ್ಲ. ಈಗ ಅವರ ಬದಲು ಮಗಳು ಕೂರಬೇಕು. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಮೂವತ್ತೈದು ನಿಮಿಷ ಬರೆದಿದ್ದೆ. ಕೂರುವುದಕ್ಕೆ ಎಷ್ಟು ಹೊತ್ತು ಬೇಕು, ನೀವೇ ಹೇಳಿ. ಸೀಟು ಸಿಕ್ಕಿದರೆ ಅರ್ಧ ಸೆಕೆಂಡು.

"ಮೂವತ್ತೈದು ನಿಮಿಷ ಅಂದ್ರೆ ನಾನು ಬರಾಕಿಲ್ಲ. ನೀವೊಬ್ರೇ ಹೋಗ್ಬನ್ನಿ," ಎಂದು ಹೇಮಾ ಪಾಸ್‌ಪೋರ್ಟನ್ನು ಮತ್ತೆ ಬೀರುವಿಗೆ ಸೇರಿಸಿದಳು.

ನಾನು ಸೋಲುವವನೇ? "ಹೊಸ ರೂಟಿಗೆ ಬಸ್ ಬಿಡೋಕೆ ಮುಂಚೆ ಏನ್ ಮಾಡ್ತೀವಿ? ಖಾಲಿ ಬಸ್ ಓಡಿಸಿ ಟ್ರಯಲ್ ನೋಡ್ತೀವಿ. ನಾವೂ ಇಲ್ಲೇ ಒಂದು ಟ್ರಯಲ್ ನೋಡೋಣ. ಮೂವತ್ತೈದು ನಿಮಿಷ ಸಾಲಲಿಲ್ಲ ಅಂದ್ರೆ ಚಾರ್ಟು ನಿನ್ ಕೈಗೆ. ಸಾಕು ಅನ್ನಿಸ್ತೋ, ಬಾಯ್ಮುಚ್ಕೊಂಡು ಬರ್ಬೇಕು."

"ಆಯ್ತು," ಎಂದಳು. ಇಷ್ಟು ಬೇಗ ಆಯ್ತು ಎಂದಿದ್ದಕ್ಕೆ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಭೂಪಟ ಹರವಿಕೊಂಡು ದ್ವೀಪವನ್ನು ನಮ್ಮ ಸೀಮೆಗೆ ಇಳಿಸಿದೆ. ಬೀರೂರು ಕೊಲಂಬೊ, ಜಂಕ್ಷನ್ ಇರುವ ಊರು, ಗೌಜು ಜಾಸ್ತಿ. ಲಿಂಗದಹಳ್ಳಿ ನುವಾರ ಎಲಿಯ. ಗುಡ್ಡದ ಪಕ್ಕ, ಚಳಿ. ತರೀಕೆರೆ ಅನುರಾಧಪುರ, ಅಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಟ್ಟೆ ಕಟ್ಟಿದ ಒಂದು ಅರಳಿಮರ ಇದೆ. ಅಜ್ಜಂಪುರ ಗಾಲೆ. ಸಮುದ್ರದ ಕೊರತೆಯೊಂದನ್ನು ಬಿಟ್ಟರೆ ಅಜ್ಜಂಪುರಕ್ಕೆ ಎಲ್ಲ ಅರ್ಹತೆಯೂ ಇತ್ತು.

ಬುಧವಾರ ಬೆಳಿಗ್ಗೆ ಏಳೂ ಐದಕ್ಕೆ ಕಡೂರು ಬಿಟ್ಟೆವು. ಬೀರೂರಿನಲ್ಲಿ ಕಾಫಿ ಬಿಸಿ ಇತ್ತು. ನಾಲ್ಕು ನಿಮಿಷ ಮುಗಿದಿತ್ತು. ಅರ್ಧ ಲೋಟ ಅಲ್ಲೇ ಬಿಡಿಸಿ ಎಬ್ಬಿಸಿದೆ. ಲಿಂಗದಹಳ್ಳಿಯಲ್ಲಿ ಒಳ್ಳೆ ಬಿಸಿಲು. ಆದರೂ ಟ್ರಯಲ್ ಎಂದರೆ ಟ್ರಯಲ್, ಸ್ವೆಟರ್ ಹಾಕಿಕೋ ಎಂದೆ. ಅಂಗಡಿ ಮುಂದೆ ಕೂತಿದ್ದ ಒಬ್ಬರು ಅಜ್ಜ ಮರುಕದಿಂದ ಕೇಳಿದರು.

"ಜ್ವರವೇನವ್ವಾ?"

"ಇಲ್ಲ ಕಣಜ್ಜ, ನುವಾರ ಎಲಿಯ," ಎಂದಳು ಹೇಮಾ.

ಅಜ್ಜ ಅದನ್ನು ಜ್ವರಕ್ಕಿಂತ ದೊಡ್ಡ ಕಾಯಿಲೆ ಎಂದುಕೊಂಡಿರಬೇಕು. ತಮ್ಮ ಜಾಗ ಬಿಟ್ಟು ಕೂರಿಸಿದರು.

ತರೀಕೆರೆ ತಲುಪಿದಾಗ ಹತ್ತೂ ನಲವತ್ತು. ಚಾರ್ಟಿಗೆ ಸರಿಯಾಗಿ. ಹೇಮಾ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟಳು, ಸ್ವೆಟರ್ ಬಿಚ್ಚಿ ಬ್ಯಾಗಿನ ಮೇಲಿಟ್ಟಳು, ಮೇಲೆ ಹತ್ತಿ ಕೂತು ಕಣ್ಣು ಮುಚ್ಚಿದಳು. ನಾನು ಗಡಿಯಾರ ನೋಡುತ್ತ ನಿಂತೆ. ಎಲೆಗಳು ಸದ್ದು ಮಾಡುತ್ತಿದ್ದವು. ಹತ್ತು ನಿಮಿಷಕ್ಕೆ ನನಗೆ ಬೇಜಾರಾಯಿತು. ಇಪ್ಪತ್ತಕ್ಕೆ ಕಾಲು ಜೋಮು ಹಿಡಿಯಿತು. ಇಪ್ಪತ್ತೈದಕ್ಕೆ, ಇವಳಿಗೆ ಮೂವತ್ತೈದು ಕೊಟ್ಟಿದ್ದೇ ಹೆಚ್ಚಾಯಿತು ಎನ್ನಿಸಿತು.

"ನಾನು ಹೋಗಿ ಅಜ್ಜಂಪುರದ ಬಸ್ಸಲ್ಲಿ ಸೀಟು ಹಿಡಿದಿರ್ತೀನಿ. ಎರಡು ಸಲ ಸೀಟಿ ಊದ್ತೀನಿ, ಬಂದ್ಬಿಡು," ಎಂದೆ. ನನ್ನ ಹಳೆಯ ಸೀಟಿ ಜೇಬಿನಲ್ಲೇ ಇತ್ತು. ಸೀಟಿನ ಮೇಲೆ ಹಾಕಲು ಅವಳ ಬ್ಯಾಗನ್ನೂ ಸ್ವೆಟರನ್ನೂ ಎತ್ತಿಕೊಂಡೆ. ಹೇಮಾ ಹೂಂ ಎಂದಳೋ, ಉಸಿರು ಬಿಟ್ಟಳೋ, ಒಂದು ಸದ್ದಂತೂ ಕೇಳಿಸಿತು.

ಬಸ್ಸು ಬಂತು, ಜನ ಮುಗಿಬಿದ್ದರು. ಆದರೆ ಕಿಟಕಿಯಿಂದ ಸೀಟು ಹಿಡಿಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯಾರು? ಹೇಮಾಳ ಬ್ಯಾಗನ್ನೂ ಸ್ವೆಟರನ್ನೂ ಮುಂದಿನ ಮಹಿಳಾ ಸೀಟಿನ ಮೇಲೆ ಹಾಕಿ, ಎರಡು ಸಲ ಸೀಟಿ ಊದಿ, ಹಿಂದಿನ ಬಾಗಿಲಿನಿಂದ ನುಗ್ಗಿದೆ. ನೋಡಿದರೆ ಹಸಿರು ಸೀರೆಯ ಹೆಂಗಸೊಬ್ಬಳು ಮುಂದಿನ ಬಾಗಿಲಿನಿಂದ ಹತ್ತಿ, ಅದೇ ಸೀಟಿನಲ್ಲಿ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಹೇಮಾಳದೂ ಹಸಿರು ಸೀರೆ. ಆಯಿತು, ಲೆಕ್ಕ ತಾಳೆಯಾಯಿತು.

ಕಂಡಕ್ಟರ್ ಹೆಣ್ಣುಮಗಳು ಬಸ್ಸಿನ ನಡುವೆ ಹೆಂಗಸರ ಆಧಾರ್ ನೋಡಿ ಉಚಿತ ಟಿಕೆಟ್ ಕೊಡುವುದರಲ್ಲಿ ಸಿಕ್ಕಿಕೊಂಡಿದ್ದಳು. ಹನ್ನೊಂದೂ ಹದಿನೈದು ಆಗಿತ್ತು. ಹೊರಡುವ ವೇಳೆಗೆ ನಿಂತಿರುವ ಬಸ್ಸನ್ನು ಕಂಡರೆ ನನ್ನ ಮೈಯಲ್ಲಿ ಏನೋ ಆಗುತ್ತದೆ. ಗಂಟಲು ತಾನಾಗಿಯೇ ತೆರೆದುಕೊಂಡಿತು.

"ರೈಟ್!"

ಡ್ರೈವರ್ ಮರುಮಾತಿಲ್ಲದೆ ಹೊರಟ. ಆ ಹುಡುಗಿ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಹಿರಿಯ ಕಲಾವಿದನ ಹಾಗೆ ನಸುನಕ್ಕೆ.

ಇಪ್ಪತ್ತೈದು ನಿಮಿಷ ಹೋದ ಮೇಲೆ ಜನ ಸ್ವಲ್ಪ ಕರಗಿದರು. ನಾನು ಹೇಮಾಳ ಹಿಂದಿನ ಸೀಟಿಗೆ ಬಂದೆ. ಎಡಗಡೆ ರಾಗಿ ಹೊಲ ಹಬ್ಬಿತ್ತು, ಗಾಳಿಗೆ ತೂಗುತ್ತಿತ್ತು. ಚಾರ್ಟಿನ ಪ್ರಕಾರ ಇಲ್ಲಿ ಕರಾವಳಿ. ಮುಂದಕ್ಕೆ ಬಾಗಿ, ಮೆತ್ತಗೆ ಹೇಳಿದೆ.

"ಎಡಗಡೆ ನೋಡೇ, ಸಮುದ್ರ ಬಂತು."

ಹಸಿರು ಸೀರೆ ತಿರುಗಿತು. ನಾನು ಜನ್ಮದಲ್ಲಿ ನೋಡಿರದ ಮುಖ.

"ಎಲ್ಲೈತಣ್ಣಾ ಸಮುದ್ರ?"

ಅವರು ಕೆಂಚಮ್ಮ, ತರೀಕೆರೆ ಸಂತೆಯಲ್ಲಿ ಸೊಪ್ಪು ಮಾರಿ ಊರಿಗೆ ಹಿಂತಿರುಗುತ್ತಿದ್ದವರು. "ಈ ಬ್ಯಾಗು?" ಎಂದೆ.

"ಯಾರೋ ನಿಂತ್ಕೊಂಡೋರ್ದು ಇರ್ಬೇಕು ಅಂತ ತೊಡೆ ಮೇಲೆ ಮಡೀಕಂಡೆ. ನಿಮ್ದಾ?"

"ನನ್ ಹೆಂಡ್ತೀದು."

"ಅವ್ರೆಲ್ಲಿ?"

ಮೂವತ್ತೊಂದು ವರ್ಷದ ನನ್ನ ಸೇವೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ‘ಹೋಲ್ಡಾನ್’ ಎಂದು ಕೂಗಿದೆ. ಕಂಡಕ್ಟರ್ ಹುಡುಗಿ ನನ್ನ ಕಡೆ ತಿರುಗಲೂ ಇಲ್ಲ. "ಇಲ್ಲಿ ಸ್ಟಾಪ್ ಇಲ್ಲ ಸಾರ್." ಇದೇ ಮಾತನ್ನು ಇದೇ ದನಿಯಲ್ಲಿ ನಾನು ಎಷ್ಟು ಜನಕ್ಕೆ ಹೇಳಿದ್ದೆ ಎಂದು ಮುಂದಿನ ಹಳ್ಳಿ ಬರುವವರೆಗೂ ಯೋಚಿಸಲು ಬಿಡುವು ಸಿಕ್ಕಿತು.

ಇಳಿದೆ. ತರೀಕೆರೆ ಕಡೆಗೆ ಬಸ್ಸು ಮಧ್ಯಾಹ್ನ ಒಂದರ ತನಕ ಇಲ್ಲ ಎಂದು ಬಾಯಿಪಾಠವಾಗಿಯೇ ಗೊತ್ತಿತ್ತು. ಹೇಮಾಳಿಗೆ ಫೋನ್ ಮಾಡಿದೆ. ನನ್ನ ಕಂಕುಳಲ್ಲಿದ್ದ ಬ್ಯಾಗು ರಿಂಗಾಯಿತು. ರಸ್ತೆ ಪಕ್ಕದ ಮೋರಿಯ ಮೇಲೆ ಕೂತು ಅದನ್ನು ತೆರೆದೆ. ಫೋನು ಇತ್ತು. ಆಧಾರ್ ಕಾರ್ಡೂ ಅದರಲ್ಲೇ ಇತ್ತು, ಅಂದರೆ ಮುಂದಿನ ಬಸ್ಸು ಹತ್ತಿದರೂ ಅವಳಿಗೆ ಉಚಿತ ಟಿಕೆಟ್ ಇಲ್ಲ. ಟಿಕೆಟ್ ಕೊಳ್ಳೋಣವೆಂದರೆ ಪರ್ಸೂ ಇಲ್ಲೇ. ಅದರಡಿಯಲ್ಲಿ ಒಂದು ಪಾಸ್‌ಪೋರ್ಟ್. ಬೀರುವಿಗೆ ಸೇರಿಸಿದ್ದಳಲ್ಲ ಎಂದು ಬಿಡಿಸಿ ನೋಡಿದರೆ ಅವಳದ್ದಲ್ಲ. ಹೊನ್ನಯ್ಯ ಮೇಷ್ಟ್ರದು. ಕೋಟು ಹಾಕಿಕೊಂಡು, ಕ್ಯಾಮೆರಾಕ್ಕೆ ಸ್ವಲ್ಪ ಹೆದರಿದ ಮುಖ. ಹಾಳೆ ಒಂದೊಂದಾಗಿ ತಿರುವಿದೆ. ಎಲ್ಲ ಖಾಲಿ, ಒಂದು ಮುದ್ರೆಯೂ ಇಲ್ಲ.

ಮೇಷ್ಟ್ರು ಪಾಸ್‌ಪೋರ್ಟ್ ಮಾಡಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಹೇಮಾ ಯಾವಾಗಲೋ ಹೇಳಿರಬೇಕು. ನಾನು ಆಗ ಗಡಿಯಾರ ನೋಡುತ್ತಿದ್ದಿರಬೇಕು. ಬರೀ ಟ್ರಯಲ್‌ಗೆ, ತರೀಕೆರೆಯ ಅರಳಿಮರಕ್ಕೆ, ಅವಳು ಅಪ್ಪನನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದಳು. ನಾನು ಆ ಅಪ್ಪನನ್ನೂ ಎತ್ತಿ ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿದಿದ್ದೆ. ನಾಚಿಕೆಯಾಯಿತು. ಒಂದು ಗಂಟೆಗೂ ಮಿಕ್ಕಿ ಆ ಮೋರಿಯ ಮೇಲೆ ಕೂತಿದ್ದೆ. ಗಡಿಯಾರ ನೋಡಲಿಲ್ಲ. ನೋಡಿದರೆ ಮುಳ್ಳು ಮುಂದಕ್ಕೆ ಹೋಗುತ್ತಿರಲಿಲ್ಲ.

ತರೀಕೆರೆ ತಲುಪಿದಾಗ ಒಂದೂವರೆ. ನಿಲ್ದಾಣದಿಂದ ಓಡಿದೆ. ದಾರಿಯುದ್ದಕ್ಕೂ ಬೈಗುಳಗಳನ್ನು ನಾನೇ ಊಹಿಸಿಕೊಂಡು ಉತ್ತರ ಜೋಡಿಸುತ್ತಿದ್ದೆ. ಹೇಮಾ ಕಟ್ಟೆಯ ಮೇಲೆಯೇ ಇದ್ದಳು. ಬಿಟ್ಟ ಚಪ್ಪಲಿ ಬಿಟ್ಟಲ್ಲೇ, ಕೂತವಳು ಕೂತಲ್ಲೇ. ಮಡಿಲಲ್ಲಿ ನಾಲ್ಕೈದು ಎಲೆ ಬಿದ್ದಿದ್ದವು. ನನ್ನ ಏದುಸಿರು ಕೇಳಿ ಕಣ್ಣು ಬಿಟ್ಟಳು.

"ಮೂವತ್ತೈದು ನಿಮಿಷ ಆಗೋಯ್ತೇನ್ರೀ?"

ಜೋಡಿಸಿಕೊಂಡು ಬಂದಿದ್ದ ಉತ್ತರ ಒಂದೂ ಕೆಲಸಕ್ಕೆ ಬರಲಿಲ್ಲ. "ಇಲ್ಲ ಕಣೇ," ಎಂದೆ, "ಇನ್ನೂ ಟೈಮೈತೆ. ಕೂತ್ಕೋ." ಬ್ಯಾಗನ್ನು ಅವಳ ತೊಡೆಯ ಮೇಲಿಟ್ಟು, ನಾನೂ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತೆ. ಅವಳು ಬ್ಯಾಗಿನೊಳಗೆ ಕೈಹಾಕಿ, ಪಾಸ್‌ಪೋರ್ಟ್ ಇದೆಯೆಂದು ಮುಟ್ಟಿ ನೋಡಿಕೊಂಡಳು. ಈ ಸಲ ಕಾಲು ಜೋಮು ಹಿಡಿಯಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಹೇಮಾ ಅಂದಳು, "ನೀವು ರೈಟ್ ಅಂದಿದ್ದು ಕೇಳಿಸ್ತು."

"ಕೇಳಿಸ್ತಾ? ಮತ್ತೆ ಓಡಿ ಬರ್ಬಾರ್ದಾಗಿತ್ತಾ?"

"ಮೂವತ್ತೊಂದು ವರ್ಷ ಆ ರೈಟ್‌ಗೇ ಓಡಿ ಬಂದಿದ್ದೀನಲ್ಲ. ಒಂದ್ ಸಲ ಕೂತೇ ನೋಡಾಣ ಅನ್ನಿಸ್ತು. ಟ್ರಯಲ್ಲು ತಾನೇ?" ನನ್ನ ಕಡೆ ತಿರುಗಿ ಕೇಳಿದಳು. "ನಾನಿಲ್ಲ ಅಂತ ಎಲ್ಲಿಗೆ ಹೋದಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಅರಳಿಮರದ ಕೆಳಗೆ ಆಗಲಿಲ್ಲ. "ಸಮುದ್ರ ಬಂದಾಗ," ಎಂದೆ.

ಹೇಮಾ ನಕ್ಕಿದ್ದಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೊಡಿ ಇಲ್ಲಿ ಚಾರ್ಟು," ಎಂದು ಕೈ ಚಾಚಿದಳು. ಒಪ್ಪಂದ ಒಪ್ಪಂದವೇ. ಪೆನ್ನನ್ನೂ ಕೊಟ್ಟೆ.

ಏಳು ಊರಿನಲ್ಲಿ ಐದಕ್ಕೆ ಗೆರೆ ಎಳೆದಳು. ಅನುರಾಧಪುರದ ಮುಂದೆ ಮೂವತ್ತೈದು ನಿಮಿಷ ಹೊಡೆದು ‘ನಾಲ್ಕು ದಿನ’ ಎಂದು ಬರೆದಳು. ಗಾಲೆಯ ಸಮುದ್ರವನ್ನು ನನಗಾಗಿ ಉಳಿಸಿ ಒಂದು ದಿನ ಕೊಟ್ಟಳು. ಹೊರಡುವ ವೇಳೆಯ ಕಾಲಂ ಪೂರ್ತಿ ಖಾಲಿ ಬಿಟ್ಟಳು. ಷರಾ ಕಾಲಮ್ಮಿನಲ್ಲಿ ಮಾತ್ರ, ಮೇಷ್ಟ್ರ ಮಗಳ ದುಂಡನೆಯ ಅಕ್ಷರದಲ್ಲಿ, ಒಂದೇ ಸಾಲು ಬರೆದು ನನ್ನ ರುಜು ಹಾಕಿಸಿಕೊಂಡಳು:

‘ರೈಟ್ ಹೇಳುವವಳು ಹೇಮಾವತಿ.’